ಕೀಲಿಕೈ

ಡಾನ್‌ಕಾಸ್ಟರ್ ಮಾರುಕಟ್ಟೆಯ ಮೂಲೆಯಲ್ಲಿ,
ಮೀನಿನಂಗಡಿಗೂ ಗುಂಡಿ-ದಾರದ ಅಂಗಡಿಗೂ ನಡುವೆ,
ಒಬ್ಬರು ತಿರುಗಿದರೆ ಇನ್ನೊಬ್ಬರು ಒರಗಬೇಕಾದ ಗೂಡಿನಲ್ಲಿ
ನಾನು ಕೀಲಿಕೈ ಕೊರೆಯುತ್ತೇನೆ.
ಬೂಟಿಗೆ ಹಿಮ್ಮಡಿ ಹಚ್ಚುವುದು ಟೆರೆನ್ಸನ ಕೆಲಸ.
ನೀಲಾಂಬಿಕೆ ಅವನ ಬಾಯಲ್ಲಿ ಮೊದಲ ದಿನವೇ ಮುರಿದು
ನೀಲ್ ಆದಳು.
ನೀಲ್ ಎಲ್ಲಿ ಎಂದು ಗಿರಾಕಿಗಳು
ನನ್ನ ಹೆಗಲಾಚೆ ಒಬ್ಬ ಗಂಡಸನ್ನು ಹುಡುಕುತ್ತಾರೆ.
ಅಂಥವನು ಇಲ್ಲಿ ಯಾರೂ ಇಲ್ಲ ಎನ್ನುತ್ತೇನೆ.
ಹಾಗೆ ಹೇಳುವುದರಲ್ಲೇ ಒಂದು ರುಚಿ,
ಹುರಿಗಡಲೆಯ ಹಾಗೆ, ಜಗಿದಷ್ಟೂ.

ಆ ಸದ್ದು ಬರುತ್ತಿದ್ದದ್ದು ಆರು ಹತ್ತಕ್ಕೆ.
ಲೀಡ್ಸಿನ ಮನೆ, ಮೂರನೇ ಮಹಡಿ,
ತೂತಿನೊಳಗೆ ಲೋಹ ತಡಕುವ ಸದ್ದು.
ಒಂದೇ ಸಲಕ್ಕೆ ತಿರುಗಿದರೆ ಊಟ.
ಎರಡು ಸಲ ತಡಕಿದರೆ
ಚಾಕುಗಳನ್ನು ಜೋಳದ ಹಿಟ್ಟಿನ ಡಬ್ಬಿಯೊಳಗೆ ಹೂಳುತ್ತಿದ್ದೆ.
ಬೆಳಿಗ್ಗೆ ಹೋಗುವಾಗ ಹೊರಗಿನಿಂದ ಕೀಲಿ.
ಹನ್ನೊಂದು ವರ್ಷ.
ಇಷ್ಟು ಸಾಕು. ಉಳಿದದ್ದನ್ನು
ಗುರುವಾರಕ್ಕೊಮ್ಮೆ ಒಬ್ಬಾಕೆ ಬರೆದುಕೊಳ್ಳುತ್ತಾಳೆ,
ಟಿಶ್ಯೂ ಡಬ್ಬಿಯನ್ನು ಮೆಲ್ಲಗೆ ನನ್ನ ಕಡೆ ಸರಿಸುತ್ತಾ.

ಕೆಲಸಕ್ಕೆ ಸೇರಿದ ವಾರ
ಗೋಡೆಯ ತುಂಬ ತೂಗುವ ಖಾಲಿ ಕೀಲಿಕೈಗಳು
ಯಾರೋ ಬಾಗಿಲು ತೆಗೆದ ಗಾಳಿಗೆ ಒಮ್ಮೆಲೇ ಕಿಣಿಗುಟ್ಟಿದಾಗ
ನಾನು ಕೌಂಟರಿನ ಕೆಳಗಿದ್ದೆ.
ಟೆರೆನ್ಸ್ ಏನೂ ಕೇಳಲಿಲ್ಲ.
ಚಹಾದ ಲೋಟವನ್ನು ನನ್ನ ಮೊಣಕಾಲ ಹತ್ತಿರ ಇಟ್ಟ,
ತಾನೂ ನೆಲಕ್ಕೆ ಕುಕ್ಕರಿಸಿ ಒಂದು ಬೂಟು ಉಜ್ಜಿದ,
ಹನ್ನೊಂದು ಗಂಟೆಗೆ ಅಂಗಡಿಯವರೆಲ್ಲ
ಹೀಗೇ ಕೂರುತ್ತಾರೆ ಎಂಬಂತೆ.
ಚಹಾ ಬರೀ ಬಿಳುಪು. ಕುಡಿದೆ.

ಯಂತ್ರಕ್ಕೆ ಎರಡು ದವಡೆ.
ಒಂದರಲ್ಲಿ ಹಳೆಯ ಕೀಲಿಕೈ, ಇನ್ನೊಂದರಲ್ಲಿ ಹಲ್ಲಿಲ್ಲದ ಹಿತ್ತಾಳೆ.
ಹಳೆಯದರ ಏರುತಗ್ಗಿನ ಮೇಲೆ ಮುಳ್ಳು ನಡೆದಂತೆಲ್ಲ
ಹೊಸದಕ್ಕೂ ಅಷ್ಟಷ್ಟೇ ಗಾಯ.
ಗಾಯ ಸರಿಯಾಗಿ ಬಿದ್ದರೆ ಬಾಗಿಲು ತೆರೆಯುತ್ತದೆ.
ಇದನ್ನು ನಾನು ದೊಡ್ಡ ಮಾತು ಮಾಡುವುದಿಲ್ಲ;
ಗಾಯವಾದವರೆಲ್ಲ ಕೀಲಿಕೈ ಆಗುವುದಿಲ್ಲ.
ಹಿತ್ತಾಳೆಯ ಪುಡಿ ಮಾತ್ರ ಚೆಂದ, ಸಣ್ಣ ರವೆಯಂತೆ.
ಸಂಜೆ ಬಸ್ಸಿನ ದೀಪಕ್ಕೆ ಮುಂಗೈ ಮೇಲೆ ಮಿನುಗುತ್ತದೆ,
ತೊಳೆಯಲು ಮನಸ್ಸಾಗುವುದಿಲ್ಲ.

ಬೆಕ್ಕಿಗೆ ಊಟ ಹಾಕುವ ಪಕ್ಕದ ಮನೆಯವಳಿಗೆ ಒಂದು.
ಹದಿನೆಂಟು ತುಂಬಿದ ಮೊಮ್ಮಗನಿಗೆ ಒಂದು, ಕೆಂಪು ಬಣ್ಣದ್ದು.
ಜನ ಎಷ್ಟು ಸಲೀಸಾಗಿ
ತಮ್ಮ ಬಾಗಿಲನ್ನು ಇನ್ನೊಬ್ಬರ ಕಿಸೆಗೆ ಹಾಕುತ್ತಾರೆ!
ಮೊನ್ನೆ ಓಲ್ಡ್‌ರಾಯ್ಡ್ ಅಜ್ಜಿ ಬಂದಳು,
ತೀರಿಹೋದ ಗಂಡನ ಶೆಡ್ಡಿನ ಸವೆದ ಕೀಲಿಕೈ ಹಿಡಿದು.
ಐವತ್ತು ವರ್ಷ ಒಳಗೆ ಬಿಟ್ಟಿರಲಿಲ್ಲವಂತೆ.
ಮರುದಿನ ಮತ್ತೆ ಬಂದು ಕೌಂಟರಿಗೆ ಬಾಗಿ ಹೇಳಿದಳು:
'ಕುರ್ಚಿ ಕಣೇ. ಬರೀ ಒಂದು ಕುರ್ಚಿ.'
ನಾವು ನಕ್ಕ ನಗೆಗೆ
ಮೀನಿನವನು ಕೈಯಲ್ಲಿ ಬಂಗುಡೆ ಹಿಡಿದೇ ಹೊರಬಂದ.
ಹೀಗೆ ನಕ್ಕು ಎಷ್ಟು ಕಾಲವಾಯಿತೆಂದು
ಲೆಕ್ಕ ಹಾಕಹೊರಟು, ಬಿಟ್ಟೆ.

ನಮ್ಮ ಮಾತಿನಲ್ಲಿ ಕೀಲಿಗೂ ಒಂದು ಕೈ ಇದೆ.
ಟೆರೆನ್ಸನಿಗೆ ಹೇಳಿದೆ.
ಅವನು ತನ್ನ ಕೈ ನೋಡಿಕೊಂಡ: ಅಂಟು, ಮೇಣ, ಅರ್ಧ ಉಗುರು.
'ಯಾರ ಕೈ?' ಎಂದ.
ಅದೇ ಪ್ರಶ್ನೆ, ಎಂದೆ.

ಈಗಲೂ ರಜೆಯ ಸಂಜೆ ಆರು ಹತ್ತಕ್ಕೆ
ಬೆನ್ನು ತಾನಾಗಿ ಗೋಡೆ ಹುಡುಕುತ್ತದೆ.
ಮೈಗೆ ಕ್ಯಾಲೆಂಡರ್ ಓದಲು ಬರುವುದಿಲ್ಲ.
ಅದಕ್ಕೆ ನಾನು ಬೈಯುವುದಿಲ್ಲ,
ಪಕ್ಕದಲ್ಲಿ ಕೂತು ಹುಣಸೆ ಬಿಡಿಸುತ್ತೇನೆ.
ಉಳಿದ ದಿನ ಆ ಹೊತ್ತಿಗೆ ಹೊರಗೆ ನಿಂತವಳು ನಾನೇ.
ಎಡಗೈಯಲ್ಲಿ ಎಲೆಕೋಸಿನ ಚೀಲ,
ಬಲಗೈಯಲ್ಲಿ ನಾನು ಕೊರೆದ ಮೊಟ್ಟಮೊದಲ ಕೀಲಿಕೈ.
ಒರಟು. ಎಸೆದುಬಿಡು ಎಂದಿದ್ದ ಟೆರೆನ್ಸ್.
ಎರಡು ಸಲ ತಡಕುತ್ತದೆ.
ಒಳಗೆ ಹೆದರುವವರು ಯಾರೂ ಇಲ್ಲ.
ಮೂರನೆಯದಕ್ಕೆ ತಿರುಗುತ್ತದೆ.
ಮೊದಲು ಎಲೆಕೋಸು ಒಳಗೆ ಹೋಗುತ್ತದೆ.